ಅಂಗೈಯಿಂದ ಸರಿಸಿದ ನೀರು

1997ರ ಏಪ್ರಿಲ್. ಹೆಗ್ಗಡದೇವನಕೋಟೆಯ ಸರ್ಕಾರಿ ನೀರು ಪರೀಕ್ಷಾ ಘಟಕಕ್ಕೆ ನಾನು ಕಿರಿಯ ವಿಶ್ಲೇಷಕಿಯಾಗಿ ಬಂದು ಹದಿನಾಲ್ಕು ತಿಂಗಳಾಗಿತ್ತು. ಘಟಕ ಎಂದಾಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಎರಡು ಕೋಣೆ, ಒಂದು ಮೈಕ್ರೋಸ್ಕೋಪು, ಕರೆಂಟು ಇದ್ದಾಗ ಮಾತ್ರ ತಣ್ಣಗಿರುವ ಒಂದು ಫ್ರಿಜ್ಜು, ನಾನು ಮತ್ತು ನನ್ನ ಮೇಲಧಿಕಾರಿ. ತಾಲ್ಲೂಕಿನ ಕೆರೆ, ಕಟ್ಟೆ, ಬೋರ್‌ವೆಲ್ಲುಗಳ ನೀರು ತಂದು ಪರೀಕ್ಷಿಸಿ, ಬಳಕೆಗೆ ಯೋಗ್ಯವೋ ಅಲ್ಲವೋ ಎಂದು ಬರೆದುಕೊಡುವುದು ನಮ್ಮ ಕೆಲಸ. ನನಗೆ ಆಗ ಇಪ್ಪತ್ತೇಳು ವರ್ಷ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೆ. ಆ ಡಿಗ್ರಿಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಜಂಬವೂ ಇತ್ತು.

ಸರ್ವೀಸಿನುದ್ದಕ್ಕೂ ಎಷ್ಟು ವರದಿಗಳಿಗೆ ಸಹಿ ಹಾಕಿದೆನೋ ಲೆಕ್ಕವಿಟ್ಟಿಲ್ಲ. ಬಹುಪಾಲು ಮರೆತುಹೋಗಿವೆ. ಆ ಏಪ್ರಿಲ್‌ನದು ಮಾತ್ರ ಮರೆತಿಲ್ಲ. ಅದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಆದರೂ ಅದು ಒಬ್ಬ ಮನುಷ್ಯನನ್ನು ಊರು ಬಿಡಿಸಿತು.

ಹೆಗ್ಗಡದೇವನಕೋಟೆ ಪಕ್ಕದ ಕೂಡುರಸ್ತೆ ಹ್ಯಾಂಡ್‌ಪೋಸ್ಟಿನಿಂದ ಬೀಚನಹಳ್ಳಿ ಅಣೆಕಟ್ಟೆಯ ಕಡೆಗೆ ಹೋಗುವಾಗ ಎಡಕ್ಕೆ ತಿರುಗಿ ಮೂರು ಕಿಲೋಮೀಟರು ನಡೆದರೆ ಆ ಊರು. ಹೆಸರು ಬರೆಯುವುದಿಲ್ಲ; ಇದರಲ್ಲಿ ಬರುವ ಕೆಲವರು ಇನ್ನೂ ಅಲ್ಲೇ ಇದ್ದಾರೆ. ಊರಿಗೊಂದು ಕೆರೆ. ಬೇಸಿಗೆಯಾದ್ದರಿಂದ ನೀರು ಅರ್ಧಕ್ಕೆ ಇಳಿದಿತ್ತು. ಎರಡು ದಿನದಲ್ಲಿ ಆ ಊರಿನ ಏಳು ದನಗಳು ಸತ್ತವು. ಮೇದು ಬಂದು ಕೆರೆಯಲ್ಲಿ ನೀರು ಕುಡಿದ ದನಗಳು ಸಂಜೆಯೊಳಗೆ ಕಾಲು ಸೋತು ಬಿದ್ದಿದ್ದವು. ನಂಜೇಗೌಡರೆಂಬ ರೈತರದು ಒಂದೇ ದಿನ ಜೋಡಿ ಎತ್ತು ಹೋಯಿತು. ಪಶುವೈದ್ಯರು ಬಂದು ಒಂದನ್ನು ಕೊಯ್ದು ನೋಡಿದರು. ಪಿತ್ತಜನಕಾಂಗ ಊದಿಕೊಂಡು ರಕ್ತ ತುಂಬಿ ಕಪ್ಪಾಗಿದೆ, ಇದು ಯಾವುದೋ ವಿಷ ಎಂದರು. ಅವರ ಮಾತಿನಲ್ಲಿ ‘ಯಾವುದೋ’ ಎಂಬುದು ಯಾರಿಗೂ ಕೇಳಿಸಲಿಲ್ಲ. ‘ವಿಷ’ ಎಂಬುದು ಎಲ್ಲರಿಗೂ ಕೇಳಿಸಿತು.

ವಿಷ ಎಂದ ಮೇಲೆ ಹಾಕಿದವರೊಬ್ಬರು ಬೇಕಲ್ಲ. ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದವರು ಜವರಯ್ಯ, ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಬೀಚನಹಳ್ಳಿಯಿಂದ ಮೀನಿನ ಮರಿ ತಂದು ಕೆರೆಗೆ ಬಿಟ್ಟು ಸಾಕುತ್ತಿದ್ದರು. ಅವರು ಬಲೆ ಹಾಕಿ ಹಿಡಿದದ್ದನ್ನು ಹೆಂಡತಿ ಪುಟ್ಟತಾಯಮ್ಮ ಹ್ಯಾಂಡ್‌ಪೋಸ್ಟಿಗೆ ಒಯ್ದು ಮಾರುತ್ತಿದ್ದರು. ಆ ಸೀಮೆಯಲ್ಲಿ ಹಿಂದೆ ಕೆಲವರು ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ, ಮೀನಿಗೆ ಮತ್ತೇರಿಸಿ ಹಿಡಿಯುತ್ತಿದ್ದರು. ಈಚೆಗೆ ಪೈರಿಗೆ ಹೊಡೆಯುವ ಔಷಧಿಯನ್ನೇ ಸುರಿಯುವವರೂ ಇದ್ದಾರೆ ಎಂಬ ಮಾತಿತ್ತು. ಜವರಯ್ಯನವರ ಕಡೆ ಬೆರಳು ತೋರಿಸಲು ಅಷ್ಟು ಸಾಕಾಯಿತು.

ನೀರು ಪರೀಕ್ಷೆಯಾಗಲಿ ಎಂದು ಅರ್ಜಿ ಬರೆಸಿಕೊಂಡು ನಮ್ಮ ಘಟಕಕ್ಕೆ ಬಂದವರೂ ಅವರೇ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು, ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

“ನೀರಲ್ಲಿ ಏನದೆ ಅಂತ ನೀವೇ ನೋಡಿ ಯೋಳಿ ಮೇಡಮ್ಮೋರೆ. ನಾನ್ ಯೋಳುದ್ರೆ ಯಾರೂ ನಂಬಾಕಿಲ್ಲ. ನೀವು ಬರ್ಕೊಟ್ರೆ ಊರು ಒಪ್ತದೆ.”

ಅರ್ಜಿ ಕೊಟ್ಟದ್ದಕ್ಕೂ ಊರಿನಲ್ಲಿ ನಕ್ಕರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದರಂತೆ.

ಮರುದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೆರೆಗೆ ಹೋದೆ. ನೀರಿನ ಮಾದರಿ ತೆಗೆಯುವುದಕ್ಕೂ ಒಂದು ಕ್ರಮವಿದೆ. ಶುದ್ಧ ಮಾಡಿದ ಬಾಟಲಿಯ ತಳ ಹಿಡಿದು, ಬಾಯಿ ಕೆಳಗೆ ಮಾಡಿ, ಸುಮಾರು ಒಂದು ಅಡಿ ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿಸಬೇಕು. ಮೇಲಿನ ನೀರು ಬಾಟಲಿಗೆ ಸೇರಬಾರದು. ಅಲ್ಲಿ ಧೂಳು, ಎಲೆ, ಎಣ್ಣೆಯ ಪಸೆ ಇರುತ್ತದೆ. ಅದು ಸೇರಿದರೆ ಕೆರೆಯ ನಿಜವಾದ ನೀರು ಹೇಗಿದೆ ಎಂದು ತಿಳಿಯುವುದಿಲ್ಲ ಎಂದು ನಮಗೆ ಕಲಿಸಿದ್ದರು. ಕುಡಿಯುವ ನೀರಿಗೆ ಈ ಕ್ರಮ ಸರಿಯೇ.

ನನಗೆ ಅದನ್ನು ಪುಸ್ತಕವೇ ಕಲಿಸಬೇಕಾಗಿರಲಿಲ್ಲ. ನಾನು ಕೆ.ಆರ್. ನಗರದ ಕಡೆಯವಳು. ಚಿಕ್ಕಂದಿನಲ್ಲಿ ನಮ್ಮವ್ವನ ಜೊತೆ ನೀರಿಗೆ ಹೋಗುತ್ತಿದ್ದೆ. ಬಿಂದಿಗೆಯ ತಳದಿಂದ ನೀರನ್ನು ಎರಡು ಸಲ ಆಚೆ ತಳ್ಳಿ, ಮೇಲಿನ ಕಸ ಸರಿಸಿ, ತಿಳಿಯಾದ ಜಾಗದಲ್ಲಿ ಬಿಂದಿಗೆ ಮುಳುಗಿಸುವುದು ನಮ್ಮ ಕಡೆಯ ಹೆಂಗಸರೆಲ್ಲರ ರೂಢಿ. ತಳ್ಳದೆ ಮೊಗೆದರೆ ಮೈಗಳ್ಳಿ ಎಂದು ಬೈಸಿಕೊಳ್ಳಬೇಕಿತ್ತು. ಹೀಗಾಗಿ ಬಾಟಲಿ ಇಳಿಸುವ ಮುನ್ನ ನನ್ನ ಅಂಗೈ ತಾನಾಗಿಯೇ ನೀರಿನ ಮೇಲೆ ಆಡಿತು.

ಜವರಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡುತ್ತಿದ್ದರು.

“ಇಲ್ಲಿ ಬ್ಯಾಡಿ ಮೇಡಮ್ಮೋರೆ, ಮೂಡ್ಲ ದಡಕ್ಕೆ ಬನ್ನಿ. ದನ ಕುಡ್ದಿದ್ದು ಅಲ್ಲಿ. ಮೂರ್ ದಿನ ಗಾಳೀನೇ ಇರ್ನಿಲ್ಲ. ಆಮ್ಯಾಕೆ ಒಂದೀಟು ಬೀಸ್ತು. ಮ್ಯಾಲ್ಗಡೆ ಕೆನೆ ಎಲ್ಲಾ ಆ ಕಡೀಕೆ ಓಗಿ ಕೂತ್ಕತು. ಆ ಕೆನೆ ತಕ್ಕಳಿ.”

ಮೂಡಲ ದಡಕ್ಕೂ ಹೋದೆ. ನೀರಿನ ಅಂಚಿನಲ್ಲಿ ಹಸಿರು ಪೊರೆಯೊಂದು ಕಟ್ಟಿತ್ತು. ಬೇಸಿಗೆಯ ಯಾವ ಕೆರೆಯಲ್ಲಿ ಪಾಚಿ ಇರುವುದಿಲ್ಲ? ಅಂಗೈಯಿಂದ ಅದನ್ನು ಆಚೆ ಸರಿಸಿ, ಒಂದು ಅಡಿ ಕೆಳಗಿನಿಂದ ಬಾಟಲಿ ತುಂಬಿಕೊಂಡೆ.

“ಕೆನೇನೇ ತಳ್ಬುಟ್ರಲ್ಲ!” ಎಂದರು ಜವರಯ್ಯ.

“ಅದು ಪಾಚಿ, ಕಸ. ನೀರನ್ನು ಕೆಳಗಿನಿಂದಲೇ ತೆಗೆಯಬೇಕು, ಅದು ರೂಲ್ಸು,” ಎಂದೆ.

“ದನ ಏನ್ ಬಿಂದ್ಗೇಲಿ ಮೊಗ್ದು ಕುಡೀತಾವಾ? ಅವು ಮ್ಯಾಲಿಂದ್ಲೇ ಈರ್ತವೆ.”

ನಾನು ನಕ್ಕೆ. ಕೆಟ್ಟ ನಗುವಲ್ಲ, ಹಳ್ಳಿಯವರ ಮಾತಿಗೆ ಓದಿದವರು ನಗುವ ನಗು. ಅವರು ಬಿಡಲಿಲ್ಲ. ಕೆರೆಯ ಕಡೆ ಕೈ ತೋರಿಸಿದರು.

“ಇಸ ಆಕಿದ್ರೆ ಮೊದ್ಲು ಸಾಯ್ಬೇಕಾದ್ದು ಮೀನು. ಒಂದಾದ್ರೂ ತೇಲ್ತಾ ಅದಾ, ನೋಡಿ.”

ನೋಡಿದೆ. ಒಂದು ಮೀನೂ ತೇಲುತ್ತಿರಲಿಲ್ಲ. ನಮ್ಮ ಫಾರಂನಲ್ಲಿ ಮೀನಿಗೆ ಕಾಲಂ ಇರಲಿಲ್ಲ, ಹಾಗಾಗಿ ಬರೆದುಕೊಳ್ಳಲಿಲ್ಲ.

ಪಿಎಚ್, ಕರಗಿದ ಆಮ್ಲಜನಕ, ನೈಟ್ರೇಟ್ ಇವನ್ನು ನಾನೇ ನೋಡಿದೆ. ಕೀಟನಾಶಕದ ಪರೀಕ್ಷೆಗೆ ಒಂದು ಬಾಟಲಿಯನ್ನು ಮೈಸೂರಿಗೆ ಕಳಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ಎಲ್ಲವೂ ಮಿತಿಯೊಳಗಿತ್ತು, ಕೀಟನಾಶಕದ ಸುಳಿವಿರಲಿಲ್ಲ. “ಪರೀಕ್ಷಿಸಿದ ನೀರಿನಲ್ಲಿ ಯಾವುದೇ ವಿಷಕಾರಿ ಅಂಶ ಕಂಡುಬಂದಿಲ್ಲ. ಜಾನುವಾರುಗಳ ಬಳಕೆಗೆ ಯೋಗ್ಯವಾಗಿದೆ” ಎಂದು ಬರೆದು ಸಹಿ ಹಾಕಿದೆ. ಜವರಯ್ಯನವರಿಗೆ ಒಳ್ಳೆಯದಾಯಿತು ಎಂದೇ ನಂಬಿದ್ದೆ. ವಿಷವೇ ಇಲ್ಲ ಎಂದ ಮೇಲೆ ಹಾಕಿದವನೂ ಇಲ್ಲ ತಾನೆ?

ಅವರಿಗೆ ಓದಿ ಹೇಳಿದಾಗ ಮುಖ ಅರಳಲಿಲ್ಲ. “ನೀರು ಸರ್ಯಾಗದೆ ಅಂದ್ರೆ, ದನ ಯಾತಕ್ಕೆ ಸತ್ವು ಅಂತ ಕೇಳ್ತಾರಲ್ಲವ್ವ,” ಎಂದರು. ಅದು ನಮ್ಮ ಘಟಕದ ಕೆಲಸವಲ್ಲ ಎಂದೆ.

ಊರಿನವರು ಪಂಚಾಯ್ತಿ ಸೇರಿದಾಗ ನಂಜೇಗೌಡರ ಕೈಯಲ್ಲಿ ಇದ್ದದ್ದು ನನ್ನ ವರದಿಯೇ. ಕೆರೆಯ ನೀರಿನಲ್ಲಿ ದೋಷವಿಲ್ಲ ಎಂದು ಸರ್ಕಾರದವರೇ ಬರೆದಿದ್ದಾರೆ. ಅಂದ ಮೇಲೆ ಆ ದಿನ ಯಾರೋ ತಂದು ಸುರಿದಿದ್ದಾರೆ, ಮಾದರಿ ತೆಗೆಯುವಷ್ಟರಲ್ಲಿ ಅದು ಕರಗಿ ಹೋಗಿದೆ ಎಂದರು. ತರ್ಕದಲ್ಲಿ ತಪ್ಪಿರಲಿಲ್ಲ, ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆನೇನೋ. ತಾನು ತೆಗೆದುಕೊಳ್ಳಿ ಎಂದರೂ ಆ ಮೇಡಮ್ಮು ಮೇಲಿನ ಕೆನೆಯನ್ನು ಕೈಯಿಂದ ತಳ್ಳಿಬಿಟ್ಟರು ಎಂದು ಜವರಯ್ಯ ಅಂಗಲಾಚಿದರಂತೆ. ಪರೀಕ್ಷೆ ಮಾಡಿದವರ ಮೇಲೇ ಗೂಬೆ ಕೂರಿಸುತ್ತಾನೆ ಎಂದು ಊರಿನವರು ಸಿಟ್ಟಾದರಂತೆ. ಮೀನಿನ ಗುತ್ತಿಗೆ ಹೋಯಿತು. ಅವರ ಮನೆಯ ಬಿಂದಿಗೆ ಕೆರೆಗೆ ಇಳಿಯಬಾರದು ಎಂದಾಯಿತು. ಜೂನ್ ಹೊತ್ತಿಗೆ ಗಂಡ ಹೆಂಡತಿ ಮನೆಗೆ ಬೀಗ ಹಾಕಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದರು. ಇದೆಲ್ಲ ನನಗೆ ತಿಳಿದದ್ದು ಆಗಸ್ಟಿನಲ್ಲಿ, ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುವಾಗ ಆ ಊರಿನ ಹೆಂಗಸೊಬ್ಬರ ಬಾಯಿಂದ. ಮನಸ್ಸಿಗೆ ಕಸಿವಿಸಿಯಾಯಿತು. ನನ್ನ ವರದಿ ಸರಿಯಾಗಿಯೇ ಇತ್ತು ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಮೂರು ವರ್ಷ ಬಾಳಿತು.

2000ದ ಕೊನೆಯಲ್ಲಿ ನನ್ನನ್ನು ಎರಡು ವಾರದ ತರಬೇತಿಗೆ ಕರಾವಳಿಗೆ ಕಳಿಸಿದರು. ಅಷ್ಟರಲ್ಲಿ ನನಗೆ ಹುಣಸೂರಿಗೆ ವರ್ಗವಾಗಿತ್ತು. ಸಮುದ್ರ ಕಂಡವಳಲ್ಲ, ರಜೆ ಸಿಕ್ಕಿದ ಹಾಗೆ ಹೊರಟಿದ್ದೆ. ಒಂದು ಬೆಳಿಗ್ಗೆ ನಮ್ಮನ್ನು ದೋಣಿಯಲ್ಲಿ ಕರೆದೊಯ್ದರು. ಪಾಠ ಹೇಳುವ ವಿಜ್ಞಾನಿ, ವಯಸ್ಸಾದವರು, ಒಂದು ಅಗಲವಾದ ಗಾಜಿನ ಹಲಗೆಯನ್ನು ನೀರಿಗೆ ನೆಟ್ಟಗೆ ಇಳಿಸಿ, ಬಲು ನಿಧಾನವಾಗಿ ಮೇಲಕ್ಕೆ ಎಳೆದರು. ಗಾಜಿನ ಎರಡೂ ಮೈಗೆ ಅಂಟಿಕೊಂಡು ಬಂದ ನೀರನ್ನು ರಬ್ಬರಿನ ಪಟ್ಟಿಯಿಂದ ಒರೆಸಿ ಬಾಟಲಿಗೆ ಇಳಿಸಿದರು. ಹತ್ತಾರು ಸಲ ಹಾಗೆ ಮಾಡಿದ ಮೇಲೆ ಬಾಟಲಿಯ ತಳ ಮುಚ್ಚುವಷ್ಟು ನೀರಾಯಿತು. ಇದು ಸಮುದ್ರದ ತೊಗಲು ಎಂದರು.

ಅವರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಸಮುದ್ರ ಎಷ್ಟೇ ಆಳವಿರಲಿ, ಗಾಳಿಗೆ ತಾಗಿರುವ ಅದರ ಮೇಲ್ಪದರ ಒಂದು ಮಿಲಿಮೀಟರಿಗಿಂತ ತೆಳು. ಸತ್ತ ಜೀವಿಗಳ ಕೊಬ್ಬು, ಪ್ರೋಟೀನು, ಅಂಟು ಎಲ್ಲ ಕೆಳಗಿನಿಂದ ತೇಲಿ ಬಂದು ಅಲ್ಲಿ ಪೊರೆ ಕಟ್ಟುತ್ತವೆ. ಅದನ್ನು ತಿನ್ನಲು ಬ್ಯಾಕ್ಟೀರಿಯಾಗಳು ಸೇರುತ್ತವೆ, ಅವುಗಳ ಜೊತೆ ಸೂಕ್ಷ್ಮ ಪಾಚಿ, ಎಷ್ಟೋ ಮೀನುಗಳ ತೇಲುವ ಮೊಟ್ಟೆ. ಗಾಳಿಯಿಂದ ಬೀಳುವ ಹೊಗೆ, ಮಸಿ, ಸೀಸ, ಹೊಲದಿಂದ ಬರುವ ಕೀಟನಾಶಕ, ಹಡಗಿನ ಎಣ್ಣೆ ಇವೂ ಅಲ್ಲೇ ತಂಗುತ್ತವೆ. ಗಾಳಿ ಮತ್ತು ಸಮುದ್ರದ ನಡುವೆ ಏನು ಓಡಾಡಬೇಕಾದರೂ ಆ ಪದರ ದಾಟಿಯೇ ಹೋಗಬೇಕು. ಕೆಳಗಿನ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲವೇನೋ ಎಂಬಷ್ಟು ವ್ಯತ್ಯಾಸವಿರುತ್ತದೆ. ಒಂದು ಅಡಿ ಕೆಳಗಿನ ನೀರನ್ನೂ ಈ ನೀರನ್ನೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಮೊದಲನೆಯದು ಬಹುಪಾಲು ಖಾಲಿ. ಎರಡನೆಯದರಲ್ಲಿ ಸಂತೆ ನೆರೆದಿತ್ತು.

“ಬಾಟಲಿ ಮುಳುಗಿಸಿದರೆ ಇದು ಸಿಕ್ಕುವುದಿಲ್ಲ,” ಎಂದರು ಆ ಹಿರಿಯರು. “ಬಾಟಲಿ ಇದನ್ನು ಹರಿದುಕೊಂಡು ಕೆಳಗೆ ಹೋಗುತ್ತದೆ. ಉಳಿದದ್ದು ನಿಮ್ಮ ಕೈಗೆ ಅಂಟಿರುತ್ತದೆ.”

ನಾನು ನನ್ನ ಅಂಗೈ ನೋಡಿಕೊಂಡೆ. ದೋಣಿ ಓಲಾಡುತ್ತಿತ್ತು. ನಾನು ತಲೆ ಎತ್ತಲಿಲ್ಲ. ಸಮುದ್ರ ಹೊಸತು, ಒಗ್ಗಿಲ್ಲ ಎಂದು ಜೊತೆಯವರು ನಿಂಬೆಹಣ್ಣು ಕೊಟ್ಟರು.

ಸಮುದ್ರದ ತೊಗಲೂ ನಮ್ಮ ಕೆರೆಯ ಕೆನೆಯೂ ಒಂದೇ ಅಲ್ಲ. ಹಾಗೆಂದರೆ ಬಲ್ಲವರು ನನ್ನ ಕಿವಿ ಹಿಂಡಿಯಾರು. ಆದರೆ ತೇಲುವುದು ಮೇಲೆ ಸೇರುತ್ತದೆ ಎಂಬುದು ಎರಡಕ್ಕೂ ಒಂದೇ. ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯ ಬಗ್ಗೆ ಅಲ್ಲಿನ ಪುಸ್ತಕಗಳಲ್ಲಿ ಓದಿದೆ. ಅದರ ಕೋಶಗಳೊಳಗೆ ಗಾಳಿ ತುಂಬಿದ ಗೂಡುಗಳಿರುತ್ತವೆ. ಬಿಸಿಲು ಇದ್ದು ಗಾಳಿ ಇಲ್ಲದ ದಿನಗಳಲ್ಲಿ ಅದು ಮೇಲೆದ್ದು ಬರುತ್ತದೆ. ಆಮೇಲೆ ಸಣ್ಣ ಗಾಳಿ ಬೀಸಿದರೂ ಸಾಕು, ಕೆರೆಯ ಮೇಲಿರುವುದೆಲ್ಲ ಒಂದು ದಡಕ್ಕೆ ಹೋಗಿ ಒತ್ತಾಗಿ ಕೂರುತ್ತದೆ. ಅದರಲ್ಲಿ ಕೆಲವು ಬಗೆಗಳ ವಿಷ ದನದ ಪಿತ್ತಜನಕಾಂಗವನ್ನು ಒಡೆದು ರಕ್ತ ತುಂಬಿಸುತ್ತದೆ. ಕೆಳಗಿನ ನೀರಿನಲ್ಲಿರುವ ಮೀನಿಗೆ ಏನೂ ಆಗದೆ ಇರಬಹುದು. ಮೂರು ದಿನ ಗಾಳಿ ಇರಲಿಲ್ಲ, ಆಮೇಲೆ ಬೀಸಿತು, ಮೂಡಲ ದಡ, ಕೆನೆ, ತೇಲದ ಮೀನು. ಜವರಯ್ಯ ಪಾಠದ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಿದ್ದರು.

2001ರ ಏಪ್ರಿಲ್‌ನಲ್ಲಿ ರಜೆ ಹಾಕಿದೆ. ಆ ಕೆರೆ ಈಗ ನನ್ನ ವ್ಯಾಪ್ತಿಯದಲ್ಲ. ಹುಣಸೂರಿನಲ್ಲಿ ಒಂದು ಕಿಟಕಿ ಗಾಜು ಕೊಯ್ಯಿಸಿ, ಅಂಚು ಉಜ್ಜಿಸಿ, ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ. ಒರೆಸಲು ಸೈಕಲ್ ಟ್ಯೂಬಿನ ತುಂಡನ್ನು ಒಂದು ಮರದ ಪಟ್ಟಿಗೆ ಬಿಗಿದುಕೊಂಡಿದ್ದೆ. ಗಾಳಿ ನಿಲ್ಲುವ ದಿನಗಳಿಗಾಗಿ ಮೂರು ಸಲ ಹೋಗಿ ಬರಿಗೈಲಿ ಬಂದೆ. ನಾಲ್ಕನೇ ಸಲ ಮೂಡಲ ದಡದಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗೆ ಕೆನೆ ಕಟ್ಟಿತ್ತು. ಗಾಜು ಇಳಿಸುತ್ತಿರುವಾಗ ನಂಜೇಗೌಡರು ಏರಿಯ ಮೇಲೆ ಬಂದು ನಿಂತರು. ಹಿಂದೆ ಮಾದರಿ ತೆಗೆದ ದಿನ ನನ್ನನ್ನು ನೋಡಿದ್ದರು, ಗುರುತು ಹತ್ತಿತು.

“ಜವರಯ್ಯ ಎಲ್ಲಿದ್ದಾರೆ ಗೌಡ್ರೆ?” ಎಂದು ಕೇಳಿದೆ. ಈ ಮಾತು ಕೇಳಲೆಂದೇ ನಾನು ಹೋದದ್ದು.

“ಓಗ್ಬುಟ್ಟ ಕನವ್ವ. ಕೊಡಗಲ್ಲಿ ಜರ ಬಂದು, ಎಲ್ಡ್ ವರ್ಸಾಯ್ತು. ಎಂಡ್ರು ಹ್ಯಾಂಡ್‌ಪೋಸ್ಟಲ್ಲಿ ಓಟ್ಲಲ್ಲಿ ಕೆಲ್ಸುಕ್ಕವ್ಳೆ.”

ಗಾಜು ಕೈಯಲ್ಲೇ ಇತ್ತು. ಅದರಿಂದ ಹಸಿರು ನೀರು ನನ್ನ ಸೀರೆಯ ಮೇಲೆ ಇಳಿಯಿತು. ಆಮೇಲೆ ಉಳಿದ ನೀರನ್ನು ಒರೆಸಿ ಬಾಟಲಿಗೆ ತುಂಬಿಕೊಂಡೆ, ಯಾಕೆಂದರೆ ಮತ್ತೇನು ಮಾಡಬೇಕೋ ತಿಳಿಯಲಿಲ್ಲ.

ಮೈಕ್ರೋಸ್ಕೋಪಿನಲ್ಲಿ ಮೇಲಿನ ನೀರು ಮೈಕ್ರೋಸಿಸ್ಟಿಸ್‌ನಿಂದ ಕಿಕ್ಕಿರಿದಿತ್ತು. ಒಂದು ಅಡಿ ಕೆಳಗಿನ ನೀರಿನಲ್ಲಿ ಅಲ್ಲೊಂದು ಇಲ್ಲೊಂದು. ವಿಷವಿದೆಯೇ ಎಂದು ತಿಳಿಯುವ ಸೌಲಭ್ಯ ನಮ್ಮಲ್ಲಿರಲಿಲ್ಲ. ತರಬೇತಿ ಕೊಟ್ಟ ಹಿರಿಯರ ಮೂಲಕ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದೆ. ಐದು ವಾರದ ಮೇಲೆ ಕಾಗದ ಬಂತು. ಪಿತ್ತಜನಕಾಂಗಕ್ಕೆ ಹಾನಿ ಮಾಡುವ ವಿಷ ಇದೆ ಎಂದಿತ್ತು. ಹೆಗ್ಗಡದೇವನಕೋಟೆಯ ನನ್ನ ಹಳೆಯ ಮೇಲಧಿಕಾರಿಯ ಮುಂದೆ ಹೋಗಿ ಎಲ್ಲವನ್ನೂ ಇಟ್ಟೆ. “ನಾಲ್ಕು ವರ್ಷದ ಹಿಂದಿನ ಫೈಲು ಯಾಕಮ್ಮ ಕೆದಕ್ತೀರಿ? ಸತ್ತೋನು ಎದ್ದು ಬರ್ತಾನಾ?” ಎಂದರು. ಆದರೂ ಒಳ್ಳೆಯ ಮನುಷ್ಯ. ತಿದ್ದುಪಡಿಯ ಟಿಪ್ಪಣಿಯೊಂದನ್ನು ಹಳೆಯ ವರದಿಗೆ ಸೇರಿಸಲು ಒಪ್ಪಿದರು.

ಬರೆಯಲು ಕೂತಾಗ ಇನ್ನೊಂದು ಕಷ್ಟ ಎದುರಾಯಿತು. ನಾನು ಪರೀಕ್ಷಿಸಿದ್ದು 2001ರ ನೀರು. ದನ ಕುಡಿದ ನೀರು ಎಂದೋ ಹೋಗಿತ್ತು. ಆ ನೀರು ಸಿಕ್ಕುವ ಒಂದೇ ಒಂದು ದಿನ ನಾನು ಅದನ್ನು ಕೈಯಿಂದ ಸರಿಸಿದ್ದೆ. ಹೀಗಾಗಿ ‘ಖಚಿತ’ ಎಂದು ಬರೆಯಲು ಬರುತ್ತಿರಲಿಲ್ಲ. “ಸಾವಿಗೆ ಕೆರೆಯ ಮೇಲ್ಪದರದ ಪಾಚಿಯ ವಿಷವೇ ಕಾರಣವಾಗಿರುವ ಸಾಧ್ಯತೆ ಬಲವಾಗಿದೆ. ಯಾರೂ ವಿಷ ಹಾಕಿದ್ದಕ್ಕೆ ಆಧಾರವಿಲ್ಲ” ಎಂದು ಬರೆದೆ.

ಅದನ್ನು ಹಿಡಿದು ಹ್ಯಾಂಡ್‌ಪೋಸ್ಟಿಗೆ ಹೋದೆ. ಪುಟ್ಟತಾಯಮ್ಮ ಹೋಟೆಲಿನ ಹಿಂಬದಿಯಲ್ಲಿ ದೊಡ್ಡ ಬೋಗುಣಿಯ ಮುಂದೆ ಕೂತು ತಟ್ಟೆ ತೊಳೆಯುತ್ತಿದ್ದರು. ನೀರಿನ ಮೇಲೆ ಎಣ್ಣೆಯ ಜಿಡ್ಡು ಕಟ್ಟಿತ್ತು. ಅವರು ಅಂಗೈಯಿಂದ ಅದನ್ನು ಆಚೆ ಸರಿಸಿ ತಟ್ಟೆ ಅದ್ದುತ್ತಿದ್ದರು, ಸರಿಸಿ ಅದ್ದುತ್ತಿದ್ದರು. ನಾನು ಯಾರೆಂದು ಹೇಳಿದೆ. ಕೈ ಒರೆಸಿಕೊಳ್ಳದೆ ಹಾಗೇ ಕೂತಿದ್ದರು. ಪಕ್ಕದಲ್ಲಿದ್ದ ಕಲ್ಲಿನ ಮೇಲೆ ಕೂತು ಟಿಪ್ಪಣಿ ಓದಿದೆ, ಅರ್ಥ ಹೇಳಿದೆ. ತಪ್ಪು ನನ್ನದು ಎಂದೆ.

ಅವರು ಅಳಲಿಲ್ಲ, ಬೈಯಲೂ ಇಲ್ಲ. ಒಂದು ಮಾತು ಕೇಳಿದರು.

“ಅವತ್ತು ಅವ್ರು ನಿಮ್ಗೆ ಯೋಳಿದ್ರಾ? ಮ್ಯಾಲಿನ ನೀರು ತಕ್ಕಳಿ ಅಂತ?”

“ಹೇಳಿದ್ರು. ಎರಡು ಸಲ ಹೇಳಿದ್ರು.”

“ಸಾಯಗಂಟ ಅದ್ನೇ ಅಂತಿದ್ರು. ‘ನಾನ್ ಯೋಳ್ದೆ, ಆ ಮೇಡಮ್ಮು ತಕ್ಕನಿಲ್ಲ’ ಅಂತ. ಜರದಲ್ಲೂ ಅದೇ ಮಾತು.” ಇನ್ನೊಂದು ತಟ್ಟೆಯನ್ನು ಬೋಗುಣಿಗೆ ಅದ್ದಿದರು. “ನಾನೂ ನಂಬಿರ್ನಿಲ್ಲ ಕನವ್ವ. ಊರೆಲ್ಲಾ ಅಂಗಂದಾಗ, ಆಕಿದ್ರೂ ಆಕಿರ್ಬೌದು ಅಂತ ನಂಗೂ ಇತ್ತು. ಅವ್ರಿಗೆ ಅದು ಗೊತ್ತಿತ್ತು.”

ಊರಿನವರು ನಂಬದೆ ಹೋದದ್ದಕ್ಕಿಂತ ಇದು ದೊಡ್ಡದು. ಇದಕ್ಕೂ ಕಾರಣ ನಾನೇ.

ಅವರು ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಿದರು. “ಅವ್ರು ಯೋಳಿದ್ದು ಅದ್ರಲ್ಲಿ ಅದಾ?”

“ಇಲ್ಲ.”

“ಅಂಗಾರೆ ಅದ್ನೂ ಬರೀರಿ.”

ಇಂಥ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ. ಯಾರು ಏನೆಂದರು ಎಂಬುದಕ್ಕೆ ನಮ್ಮಲ್ಲಿ ಕಾಲಂ ಇಲ್ಲ. ಆ ಕಲ್ಲಿನ ಮೇಲೆಯೇ ಪೆನ್ನು ತೆಗೆದು, ನನ್ನ ಸಹಿಯ ಕೆಳಗೆ ಬರೆದೆ: “ಮಾದರಿ ತೆಗೆದ ದಿನವೇ ಜವರಯ್ಯನವರು ಮೇಲ್ಪದರದ ನೀರನ್ನು ತೆಗೆಯುವಂತೆ ಎರಡು ಬಾರಿ ತಿಳಿಸಿದ್ದರು. ನಾನು ತೆಗೆಯಲಿಲ್ಲ.” ಮತ್ತೆ ಸಹಿ ಹಾಕಿದೆ.

ಮುಂದಿನ ಭಾನುವಾರ ಕೆರೆಯ ಏರಿಯ ಮೇಲೆ ನಾನೇ ನಿಂತು ಅದನ್ನು ಓದಿದೆ. ಪುಟ್ಟತಾಯಮ್ಮ ಬರಲಿಲ್ಲ. ಹದಿನೈದಿಪ್ಪತ್ತು ಜನ ಇದ್ದರು. ಓದಿ ಮುಗಿಸಿದಾಗ ನಂಜೇಗೌಡರು, “ಕಡೇ ಸಾಲು ಇನ್ನೊಂದ್ ಸಲ ಓದವ್ವ,” ಎಂದರು. ಓದಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. “ಎತ್ತು ಸತ್ತಾಗ ನಂಗೆ ಬೈಯಾಕೆ ಯಾರಾದ್ರೂ ಒಬ್ರು ಬೇಕಾಗಿತ್ತು ಕನವ್ವ,” ಎಂದರು.

ಅಲ್ಲಿಂದ ಮುಂದೆ ನಾನು ಸಹಿ ಹಾಕಿದ ಪ್ರತಿ ವರದಿಯ ಕೊನೆಗೂ ಕೈಯಿಂದ ಎರಡು ಸಾಲು ಸೇರಿಸುತ್ತಿದ್ದೆ: ಮಾದರಿ ಎಷ್ಟು ಆಳದಿಂದ ತೆಗೆದದ್ದು, ಏನನ್ನು ಪರೀಕ್ಷಿಸಿಲ್ಲ. ಅದರ ಕೆಳಗೆ, ನೀರಿನ ಬಳಿ ಇರುವವರು ಏನು ಹೇಳಿದರು ಎಂಬುದು. ಮೇಲಿನವರು ಇದನ್ನು ಅನವಶ್ಯಕ ಎಂದು ಹೊಡೆದುಹಾಕುತ್ತಿದ್ದರು, ನಾನು ಮತ್ತೆ ಬರೆಯುತ್ತಿದ್ದೆ. ಹೊಸದಾಗಿ ಸೇರಿದವರಿಗೆ ಬಾಟಲಿ ಮುಳುಗಿಸುವುದನ್ನು ಕಲಿಸುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದೆ: ಈ ನೀರನ್ನು ಕುಡಿಯುವವರು ಯಾರು, ಅವರು ಹೇಗೆ ಕುಡಿಯುತ್ತಾರೆ? ಅದು ನನ್ನ ಪ್ರಶ್ನೆಯಲ್ಲ, ಜವರಯ್ಯನವರದು ಎಂದೂ ಹೇಳುತ್ತಿದ್ದೆ.